ರಾಜ್ಯೋತ್ಸವದ ಫೋಟೋಗಳಿಗೆ ಕ್ಯಾಮೆರಾದಲ್ಲಿ ಯಾವ ಚಿತ್ರಗಾತ್ರ ಇಡಬೇಕು: ಎಲ್, ಎಂ ಅಥವಾ ಎಸ್?

ಗಿರಿನಗರದ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಕನ್ನಡ ಸಂಘವು ಈ ನವೆಂಬರ್‌ನಲ್ಲಿ ರಾಜ್ಯೋತ್ಸವದ ಜೊತೆಗೆ ಒಂದು ಸ್ಮರಣ ಸಂಚಿಕೆಯನ್ನೂ ಹೊರತರುತ್ತಿದ್ದು, ಛಾಯಾಚಿತ್ರಗಳ ಹೊಣೆಯನ್ನು ನನಗೆ ವಹಿಸಿದ್ದಾರೆ. ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಒಂದು ಡಿಎಸ್‌ಎಲ್‌ಆರ್, ಅದರೊಂದಿಗೆ ಬಂದ 18–55 ಲೆನ್ಸ್ ಮತ್ತು 32 ಜಿಬಿ ಕಾರ್ಡ್ ಇವೆ. ಮೆನುವಿನಲ್ಲಿ ಚಿತ್ರದ ಗಾತ್ರಕ್ಕೆ ಎಲ್ (6000×4000), ಎಂ (4496×3000), ಎಸ್ (2992×2000) ಎಂಬ ಮೂರು ಆಯ್ಕೆಗಳಿವೆ. ಗುಣಮಟ್ಟಕ್ಕೆ ಫೈನ್, ನಾರ್ಮಲ್, ಬೇಸಿಕ್ ಎಂಬ ಇನ್ನೂ ಮೂರು ಇವೆ.

ಬೆಳಿಗ್ಗೆ ಧ್ವಜಾರೋಹಣ, ಆಮೇಲೆ ಭುವನೇಶ್ವರಿಯ ಮೆರವಣಿಗೆ ಮತ್ತು ಡೊಳ್ಳು ಕುಣಿತ, ಸಂಜೆ ವೇದಿಕೆ ಕಾರ್ಯಕ್ರಮ, ಕೊನೆಗೆ ಎಲ್ಲ ಸದಸ್ಯರ ಗುಂಪು ಚಿತ್ರ. ಇದಲ್ಲದೆ ಸಂಘದ ಹಳೆಯ ಫೋಟೋಗಳನ್ನೂ ಪತ್ರಗಳನ್ನೂ ಕ್ಯಾಮೆರಾದಲ್ಲೇ ನಕಲು ಮಾಡಿಕೊಡಬೇಕು. ಅಂದೇ ರಾತ್ರಿ ವಾಟ್ಸಾಪ್ ಗುಂಪಿಗೆ ಚಿತ್ರಗಳು ಹೋಗಬೇಕಾಗಿರುವುದರಿಂದ ದೊಡ್ಡ ಫೈಲುಗಳು ಬೇಡವೆಂದು ಖಜಾಂಚಿಯವರು ಹೇಳುತ್ತಾರೆ. ಸಂಚಿಕೆಯ ಸಂಪಾದಕರು ಮಾತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇಲ್ಲದ ಚಿತ್ರವನ್ನು ಮುಟ್ಟುವುದೇ ಇಲ್ಲ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಫೈಲಿನ ವಿವರ ತೆರೆದು ನೋಡಿದರೆ ಎಲ್, ಎಂ, ಎಸ್ ಮೂರಕ್ಕೂ 300 ಡಿಪಿಐ ಎಂದೇ ತೋರಿಸುತ್ತಿದೆ. ಹಾಗಿದ್ದರೆ ಎಸ್ ಇಟ್ಟರೆ ಸಾಕಲ್ಲವೇ ಎಂಬುದು ನನ್ನ ಪ್ರಶ್ನೆ.

ಚಾಮರಾಜಪೇಟೆ ಮುದ್ರಕ

ಆ 300 ಎಂಬುದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಅದು ಕ್ಯಾಮೆರಾ ಫೈಲಿನೊಳಗೆ ಬರೆದಿಡುವ ಒಂದು ಟಿಪ್ಪಣಿ ಮಾತ್ರ; ಕೆಲವು ಕಂಪನಿಗಳ ಕ್ಯಾಮೆರಾಗಳು 300 ಎಂದು ಬರೆಯುತ್ತವೆ, ಕೆಲವು 72 ಎಂದು ಬರೆಯುತ್ತವೆ, ಮತ್ತು ಅದನ್ನು ಬದಲಿಸಿದರೆ ಚಿತ್ರದ ಒಂದು ಚುಕ್ಕೆಯೂ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ನಿಮ್ಮ ಸಂಪಾದಕರು ಕೇಳಬೇಕಾದ ಪ್ರಶ್ನೆ ಬೇರೆ: ಪುಟದ ಮೇಲೆ ಚಿತ್ರ ಎಷ್ಟು ಇಂಚು ಅಗಲಕ್ಕೆ ಬರುತ್ತದೆ, ಆ ಇಂಚುಗಳಿಗೆ ಎಷ್ಟು ಪಿಕ್ಸೆಲ್ ಸಿಗುತ್ತವೆ ಎಂಬುದು.

ಆಫ್‌ಸೆಟ್‌ನಲ್ಲಿ ಆರ್ಟ್ ಪೇಪರ್ ಮೇಲೆ ಸಾಮಾನ್ಯವಾಗಿ ಇಂಚಿಗೆ 150 ಗೆರೆಯ ಸ್ಕ್ರೀನ್ (ಚಿತ್ರವನ್ನು ಶಾಯಿಯ ಚುಕ್ಕೆಗಳ ಸಾಲುಗಳಾಗಿ ಒಡೆಯುವ ಜಾಲ) ಬಳಸುತ್ತೇವೆ. ಅದರ ಎರಡರಷ್ಟು, ಅಂದರೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಚಿತ್ರ ಚೊಕ್ಕವಾಗಿ ಬರುತ್ತದೆ. ದಿನಪತ್ರಿಕೆಯ ಕಾಗದಕ್ಕೆ ಗೆರೆಗಳು ಕಡಿಮೆಯಿರುವುದರಿಂದ ಇಂಚಿಗೆ 200ರ ಆಸುಪಾಸು ಸಾಕಾಗುತ್ತದೆ. ನಿಮ್ಮ ಸಂಚಿಕೆ ಡೆಮಿ 1/8 (ಸುಮಾರು 5.5×8.5 ಇಂಚಿನ ಪುಸ್ತಕದ ಅಳತೆ) ಆದರೆ, ಇಡೀ ಪುಟ ತುಂಬುವ ಚಿತ್ರಕ್ಕೂ 1650×2550 ಪಿಕ್ಸೆಲ್ ಸಾಕು; ಆಗ ಎಸ್ ಕೂಡ ನಡೆಯುತ್ತದೆ. ಎ4 ಆದರೆ 2480×3508 ಬೇಕು. ಅಲ್ಲಿ ಎಸ್ ಸಾಲದು, ಎಂ ಸಾಕು. ಸಂಚಿಕೆಯ ಅಳತೆ ಯಾವುದೆಂದು ತಿಳಿಸಿ.

ಮಲ್ಲೇಶ್ವರದ ಫ್ರೇಮು

ಇಷ್ಟೆಲ್ಲ ಲೆಕ್ಕ ಏಕೆ ಬೇಕು ಎಂಬುದು ನನಗೆ ಅರ್ಥವಾಗುತ್ತಿಲ್ಲ. ಎಲ್ ಮತ್ತು ಫೈನ್ ಇಟ್ಟು ಮರೆತುಬಿಡಿ. 24 ಮೆಗಾಪಿಕ್ಸೆಲ್‌ನಲ್ಲಿ ಎಲ್ ಫೈನ್ ಚಿತ್ರವೊಂದು ಸುಮಾರು 12 ಎಂಬಿ ಆಗುತ್ತದೆ. ನಿಮ್ಮ 32 ಜಿಬಿ ಕಾರ್ಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಹಿಡಿಯುತ್ತವೆ. ಅಷ್ಟೂ ತುಂಬಿತೆಂದರೆ ಎಸ್‌.ಪಿ. ರಸ್ತೆಗೆ ಹೋಗಿ ಇನ್ನೊಂದು ಕಾರ್ಡ್ ತನ್ನಿ. ದೊಡ್ಡದನ್ನು ಚಿಕ್ಕದು ಮಾಡಬಹುದು, ಚಿಕ್ಕದನ್ನು ದೊಡ್ಡದು ಮಾಡಲಾಗದು.

ಹಳೆಯ ಲ್ಯಾಬಿನವ

ಮೇಲಿನವರ ಮಾತು ಒಬ್ಬರೇ ಕುಳಿತು ನಿಧಾನವಾಗಿ ಕೆಲಸ ಮಾಡುವವರಿಗೆ ಸರಿ. ಆದರೆ ಸಂಘದ ಕೆಲಸದಲ್ಲಿ ಚಿತ್ರಗಳನ್ನು ಅಂದೇ ಆರಿಸಿ, ಅಂದೇ ನಾಲ್ಕು ಜನರಿಗೆ ಪೆನ್‌ಡ್ರೈವಿನಲ್ಲಿ ಹಂಚಿ, ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೆರೆದು ನೋಡಬೇಕಾಗುತ್ತದೆ. ಆಗ 12 ಎಂಬಿಯ ಫೈಲುಗಳು ಎಷ್ಟು ಸತಾಯಿಸುತ್ತವೆ ಎಂಬುದು ಅನುಭವಿಸಿದವರಿಗೆ ಗೊತ್ತು.

ನಮ್ಮ ಲ್ಯಾಬಿಗೆ ಬರುತ್ತಿದ್ದ ಮದುವೆ ಆಲ್ಬಂ ಕೆಲಸಗಳಲ್ಲಿ 12×18 ಇಂಚಿನ ಪ್ರಿಂಟ್ ಸಾಮಾನ್ಯವಾಗಿತ್ತು. ಎಂ ಗಾತ್ರದ ಚಿತ್ರವನ್ನು ಆ ಅಳತೆಗೆ ತೆಗೆದರೆ ಇಂಚಿಗೆ ಸುಮಾರು 250 ಪಿಕ್ಸೆಲ್ ದೊರೆಯುತ್ತವೆ, ಮತ್ತು ಅಂತಹ ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲಿ ಯಾರೂ ಅದು ಎಲ್ ಅಲ್ಲ ಎಂದು ಗುರುತಿಸಿದ್ದನ್ನು ನಾನು ಕಂಡಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸಂಜೆಯ ವೇದಿಕೆಯ ಬೆಳಕಿನಲ್ಲಿ, ಜೂಮ್ ಮಾಡಿದಾಗ ಬೆಳಕಿನ ಕಿಂಡಿ ಎಫ್ 5.6ಕ್ಕೆ ಕಿರಿದಾಗುವ ಲೆನ್ಸ್‌ನಲ್ಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200ಕ್ಕೆ ಏರಿಸಿ, ಸೆಕೆಂಡಿನ 30ನೇ ಒಂದು ಭಾಗದಲ್ಲಿ ಕೈಯಲ್ಲೇ ಹಿಡಿದು ತೆಗೆದ ಚಿತ್ರದಲ್ಲಿ 24 ಮೆಗಾಪಿಕ್ಸೆಲ್‌ನಷ್ಟು ವಿವರ ಇರುವುದೇ ಇಲ್ಲ. ಅಲ್ಲಿ ಎಲ್ ಇಟ್ಟರೆ ನೀವು ಕಾರ್ಡಿನಲ್ಲಿ ಕೂಡಿಡುವುದು ಕೈನಡುಕವನ್ನೂ ನಾಯ್ಸನ್ನೂ (ಕಡಿಮೆ ಬೆಳಕಿನಲ್ಲಿ ಚಿತ್ರದ ಮೇಲೆ ಮೂಡುವ ಕಾಳುಕಾಳು ಚುಕ್ಕೆಗಳು) ಮಾತ್ರ. ಸಂಜೆಗೆ ಎಂ ಫೈನ್ ಇಡಿ ಎಂಬುದು ನನ್ನ ಸಲಹೆ.

ಬೇಯರ್ ಜಾಲರಿ

ಈ ಚರ್ಚೆಯಲ್ಲಿ ಗಾತ್ರವೂ ಗುಣಮಟ್ಟವೂ ಒಂದರೊಳಗೊಂದು ಬೆರೆತುಹೋಗುತ್ತಿವೆ. ಅವನ್ನು ಬಿಡಿಸಿ ನೋಡುವುದು ಒಳ್ಳೆಯದು. ಗಾತ್ರವೆಂದರೆ ಪಿಕ್ಸೆಲ್‌ಗಳ ಎಣಿಕೆ. ಫೈನ್, ನಾರ್ಮಲ್, ಬೇಸಿಕ್ ಎಂಬುವು ಆ ಪಿಕ್ಸೆಲ್‌ಗಳನ್ನು ಜೆಪೆಗ್ (ಕ್ಯಾಮೆರಾ ಚಿತ್ರವನ್ನು ಉಳಿಸುವ ಫೈಲಿನ ರೂಪ) ಎಷ್ಟು ಹಿಂಡಿ ಉಳಿಸುತ್ತದೆ ಎಂಬುದರ ಸೂಚನೆ. ನಿಕಾನ್ ತನ್ನ ಕೈಪಿಡಿಗಳಲ್ಲಿ ಇವನ್ನು ಕ್ರಮವಾಗಿ ಸುಮಾರು 1:4, 1:8, 1:16 ಎಂದು ಕೊಡುತ್ತದೆ. ಕ್ಯಾನನ್ ಕ್ಯಾಮೆರಾಗಳಲ್ಲಿ ಈ ಹೆಸರುಗಳ ಬದಲು ಅಕ್ಷರದ ಪಕ್ಕದಲ್ಲಿ ಒಂದು ಚಿಕ್ಕ ಕಾಲುವೃತ್ತ ಇರುತ್ತದೆ: ಅದರ ಅಂಚು ನಯವಾಗಿದ್ದರೆ ಫೈನ್, ಮೆಟ್ಟಿಲು ಮೆಟ್ಟಿಲಾಗಿದ್ದರೆ ನಾರ್ಮಲ್. ಅಲ್ಲಿ ಎಂ ಎಂದರೆ 3984×2656 ಎಂಬುದನ್ನೂ ಗಮನಿಸಬೇಕು. ಒಂದು ಕಂಪನಿಯ ಎಂ ಇನ್ನೊಂದರ ಎಂಗೆ ಸಮವಲ್ಲ.

ಈಗ ಎಲ್ ಬೇಸಿಕ್ ಮತ್ತು ಎಸ್ ಫೈನ್ ಎರಡನ್ನೂ ಹೋಲಿಸಿ. ಎರಡೂ ಹೆಚ್ಚುಕಡಿಮೆ 3 ಎಂಬಿ ಆಗುತ್ತವೆ. ಎಲ್ ಬೇಸಿಕ್ ಎಂದರೆ ಪಿಕ್ಸೆಲ್ ಹೆಚ್ಚಾಯಿತಲ್ಲ ಎಂದು ಬಹಳ ಜನ ಅದನ್ನೇ ಆರಿಸುತ್ತಾರೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕವನ್ನೂ ಬೇರೆಬೇರೆಯಾಗಿ ಹಿಂಡುತ್ತದೆ. ಹಿಂಡುವುದು ಅತಿಯಾದಾಗ ಚೌಕಗಳ ಅಂಚುಗಳೇ ಆಕಾಶದಲ್ಲೂ ಬಿಳಿ ಪಂಚೆಯಲ್ಲೂ ಎದ್ದು ಕಾಣತೊಡಗುತ್ತವೆ. ಇದರ ಮೇಲೆ, ಕಣ್ಣು ಬಣ್ಣಕ್ಕಿಂತ ಬೆಳಕು-ನೆರಳನ್ನು ಹೆಚ್ಚು ಸೂಕ್ಷ್ಮವಾಗಿ ಗ್ರಹಿಸುತ್ತದೆ ಎಂಬ ಕಾರಣಕ್ಕೆ, ಹಲವು ಕ್ಯಾಮೆರಾಗಳು ಬಣ್ಣದ ಮಾಹಿತಿಯನ್ನು ಹೊಳಪಿನ ಮಾಹಿತಿಗಿಂತ ಕಡಿಮೆ ವಿವರದಲ್ಲಿ ಉಳಿಸುತ್ತವೆ. ಸಾಮಾನ್ಯ ದೃಶ್ಯಗಳಲ್ಲಿ ಇದು ತಿಳಿಯುವುದಿಲ್ಲ. ನೀವು ತೆಗೆಯಲಿರುವುದು ಕನ್ನಡ ಬಾವುಟವನ್ನು. ಹಳದಿಯೂ ಕೆಂಪೂ ಒಂದೇ ಗೆರೆಯಲ್ಲಿ ಸೇರುವ ಆ ಅಂಚನ್ನು ಬೇಸಿಕ್‌ನಲ್ಲಿ ತೆಗೆದು ಹಿಗ್ಗಿಸಿ ನೋಡಿ. ಕೆಂಪು ಹಳದಿಯೊಳಕ್ಕೆ ಒಸರಿ, ಗೆರೆಯ ಉದ್ದಕ್ಕೂ ಕೊಳೆಯಾದ ಕಿತ್ತಳೆ ಪಟ್ಟಿಯೊಂದು ಕಾಣಿಸುವ ಸಾಧ್ಯತೆ ಬಹಳ. ಹಾಗಾಗಿ ಫೈಲು ಚಿಕ್ಕದಾಗಲೇಬೇಕೆಂದಿದ್ದರೆ ಗಾತ್ರವನ್ನು ಇಳಿಸಿ, ಗುಣಮಟ್ಟವನ್ನು ಇಳಿಸಬೇಡಿ.

ಎಸ್ ಗಾತ್ರವನ್ನು ಪೂರ್ತಿ ಕೀಳಾಗಿ ಕಾಣುವುದೂ ಸಲ್ಲದು. 24 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಪ್ರತಿ ಪಿಕ್ಸೆಲ್ಲಿನ ಮುಂದೆ ಒಂದೇ ಬಣ್ಣದ ಫಿಲ್ಟರ್ ಇರುತ್ತದೆ: 12 ಮೆಗಾಪಿಕ್ಸೆಲ್ ಹಸಿರಿಗೆ, ತಲಾ 6 ಮೆಗಾಪಿಕ್ಸೆಲ್ ಕೆಂಪಿಗೂ ನೀಲಿಗೂ. ಪ್ರತಿ ಪಿಕ್ಸೆಲ್ಲಿನ ಉಳಿದೆರಡು ಬಣ್ಣಗಳನ್ನು ಕ್ಯಾಮೆರಾ ಅಕ್ಕಪಕ್ಕದಿಂದ ಊಹಿಸಿ ತುಂಬುತ್ತದೆ. ಎಸ್ ಎಂದರೆ ಸುಮಾರು 6 ಮೆಗಾಪಿಕ್ಸೆಲ್. ನಾಲ್ಕು ಪಿಕ್ಸೆಲ್ ಸೇರಿ ಒಂದಾಗುವುದರಿಂದ ಊಹೆಯ ಪಾಲು ಕಡಿಮೆಯಾಗುತ್ತದೆ, ನಾಯ್ಸ್ ಕೂಡ ಸರಾಸರಿಯಲ್ಲಿ ತಗ್ಗುತ್ತದೆ. ಎಸ್ ಫೈನ್ ಚಿತ್ರವನ್ನು ನೂರಕ್ಕೆ ನೂರು ಹಿಗ್ಗಿಸಿ ನೋಡಿದಾಗ ಅದು ಎಲ್‌ಗಿಂತ ಚೂಪಾಗಿ ಕಾಣುವುದು ಇದರಿಂದಲೇ. ಆದರೆ ಲ್ಯಾಬಿನವರು ಹೇಳಿದ ಲಾಭವೂ ಇದೇ ಆಗಿರುವುದರಿಂದ, ಅದನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಗಾತ್ರ ಇಳಿಸಿಯೂ ಪಡೆಯಬಹುದು, ಕ್ಯಾಮೆರಾದಲ್ಲೇ ಪಡೆಯಬೇಕೆಂದೇನಿಲ್ಲ.

ಗಿರಿನಗರದ ಹವ್ಯಾಸಿ

ಸಂಚಿಕೆ ಎ4 ಎಂದು ಖಚಿತವಾಯಿತು. ಜಾಲರಿಯವರು ಹೇಳಿದಂತೆ ತಾರಸಿಯ ಮೇಲೆ ಬಾವುಟವನ್ನು ಕಟ್ಟಿ ಎಲ್ ಬೇಸಿಕ್ ಮತ್ತು ಎಸ್ ಫೈನ್ ಎರಡರಲ್ಲೂ ತೆಗೆದು ನೋಡಿದೆ. ದೂರದಿಂದ ಎರಡೂ ಒಂದೇ. ಹಿಗ್ಗಿಸಿದಾಗ ಬೇಸಿಕ್‌ನಲ್ಲಿ ಬಟ್ಟೆಯ ನೇಯ್ಗೆ ಅಳಿಸಿದಂತಾಗಿ, ಹೊಲಿಗೆಯ ದಾರ ಇದ್ದ ಕಡೆ ಕಿತ್ತಳೆ ಬಣ್ಣದ ಮಸುಕು ಇತ್ತು. ಎಸ್ ಫೈನ್‌ನಲ್ಲಿ ದಾರ ಸಣ್ಣದಾಗಿ ಕಂಡರೂ ಕೆಂಪು ಕೆಂಪಾಗಿಯೇ, ಹಳದಿ ಹಳದಿಯಾಗಿಯೇ ಇತ್ತು. ಬೇಸಿಕ್ ಎಂಬ ಆಯ್ಕೆಯನ್ನು ಮರೆತಿದ್ದೇನೆ. ಎ4 ಪುಟಕ್ಕೆ ಎಂ ಸಾಕೆಂದು ಮುದ್ರಕರು ಹೇಳಿರುವುದರಿಂದ ಇಡೀ ದಿನಕ್ಕೆ ಎಂ ಫೈನ್ ಎಂದು ತೀರ್ಮಾನಿಸಬಹುದೇ?

ಚಾಮರಾಜಪೇಟೆ ಮುದ್ರಕ

ಎಂ ಸಾಕು ಎಂದದ್ದು ಇಡೀ ಚಿತ್ರವನ್ನು ಕತ್ತರಿಸದೆ ಬಳಸುವುದಾದರೆ. ಡಿಟಿಪಿ ಮಾಡುವವರ ಮುಂದೆ ಒಂದು ಸಲ ಕುಳಿತು ನೋಡಿದರೆ ತಿಳಿಯುತ್ತದೆ, ಕತ್ತರಿಸದ ಚಿತ್ರ ಎಂಬುದೇ ಅಪರೂಪ.

ಸಂಘಗಳ ಸಂಚಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದು. ಮುಖಪುಟ ಉದ್ದಕ್ಕೆ ನಿಂತ ಪುಟ. ತಂದುಕೊಡುವ ಚಿತ್ರ ಅಡ್ಡಡ್ಡ ತೆಗೆದದ್ದು. ಭುವನೇಶ್ವರಿಯ ಪಲ್ಲಕ್ಕಿ ನಡುವಿನಲ್ಲಿದೆ, ಎಡಕ್ಕೂ ಬಲಕ್ಕೂ ನಿಲ್ಲಿಸಿದ ಸ್ಕೂಟರುಗಳು. ಸಂಪಾದಕರು ನಡುವಿನ ಭಾಗವನ್ನಷ್ಟೇ ಉದ್ದವಾಗಿ ಕತ್ತರಿಸಿ ಹಾಕಿ ಎನ್ನುತ್ತಾರೆ. ಆಗ ನಿಮಗೆ ಉಳಿಯುವುದು ಚಿತ್ರದ ಎತ್ತರ ಮಾತ್ರ. ಎಲ್‌ನಲ್ಲಿ ಎತ್ತರ 4000. ಎ4 ಪುಟದ 11.7 ಇಂಚಿಗೆ ಹಂಚಿದರೆ ಇಂಚಿಗೆ 342 ಬರುತ್ತದೆ, ಚಿಂತೆಯಿಲ್ಲ. ಎಂನಲ್ಲಿ 256ಕ್ಕೆ ಇಳಿಯುತ್ತದೆ, ಹೇಗೋ ಸುಧಾರಿಸಬಹುದು. ಎಸ್‌ನಲ್ಲಿ 171, ಅದನ್ನು ಮುಖಪುಟಕ್ಕೆ ಹಾಕಿದರೆ ಬೈಸಿಕೊಳ್ಳುವವರು ಪ್ರೆಸ್ಸಿನವರು. ಪುಟದ ಅಳತೆಗೆ ತಕ್ಕ ಗಾತ್ರವನ್ನು ಆರಿಸುವುದಕ್ಕಿಂತ, ಎಷ್ಟು ಕತ್ತರಿ ಬೀಳಬಹುದು ಎಂದು ಯೋಚಿಸಿ ಗಾತ್ರ ಆರಿಸಿ. ಮೆರವಣಿಗೆಯಲ್ಲಿ ಯಾವುದು ಮುಖಪುಟವಾಗುತ್ತದೆ ಎಂದು ತೆಗೆಯುವಾಗ ಗೊತ್ತಿರುವುದಿಲ್ಲ.

ಹಳೆಯ ಲ್ಯಾಬಿನವ

ಕತ್ತರಿಯ ಮಾತು ಒಪ್ಪಿದೆ. ಹಾಗಾದರೆ ಗುಂಪು ಚಿತ್ರಕ್ಕೂ ಎಲ್ ಇರಲಿ. ಒಂದು ಸಾಲಿನಲ್ಲಿ 20 ಜನ ನಿಂತರೆ ಎಲ್‌ನಲ್ಲಿ ಒಬ್ಬೊಬ್ಬರಿಗೆ 300 ಪಿಕ್ಸೆಲ್ ಅಗಲ ಸಿಗುತ್ತದೆ, ಮುಖಕ್ಕೆ ಅದರ ಮೂರನೇ ಒಂದು ಪಾಲು. ಎಸ್‌ನಲ್ಲಿ ಮುಖಕ್ಕೆ 50 ಪಿಕ್ಸೆಲ್ ಉಳಿದರೆ ಹೆಚ್ಚು. ಪುಟದಲ್ಲಿ ಅಷ್ಟೇನೂ ತಿಳಿಯದಿದ್ದರೂ, ಹಿರಿಯ ಸದಸ್ಯರೊಬ್ಬರು ಮುಂದೊಂದು ದಿನ ತೀರಿಕೊಂಡಾಗ ಮನೆಯವರು ಬಂದು ಕೇಳುವುದು ಆ ಗುಂಪು ಚಿತ್ರದಿಂದ ಬಿಡಿಸಿ ದೊಡ್ಡದು ಮಾಡಿಕೊಡಿ ಎಂದೇ. ಇದು ಲ್ಯಾಬುಗಳಿಗೆ ಬಹಳ ಸಲ ಬರುವ ಕೆಲಸ. ವೇದಿಕೆಯ ಕಾರ್ಯಕ್ರಮಕ್ಕೆ ಎಂ ಸಾಕೆಂಬ ನನ್ನ ಅಭಿಪ್ರಾಯ ಹಾಗೇ ಇದೆ.

ಹೆಸರಘಟ್ಟದ ಹಕ್ಕಿನೋಟ

ಡೊಳ್ಳು ಕುಣಿತದ ಬಗ್ಗೆ ಒಂದು ಮಾತು. ಒಂದರ ಹಿಂದೊಂದು ಬಿಡದೆ ತೆಗೆಯುವಾಗ ಚಿತ್ರಗಳು ಮೊದಲು ಕ್ಯಾಮೆರಾದೊಳಗಿನ ಬಫರ್‌ನಲ್ಲಿ ನಿಂತು ಆಮೇಲೆ ಕಾರ್ಡಿಗೆ ಹೋಗುತ್ತವೆ. ಕಾರ್ಡ್ ನಿಧಾನವಾಗಿದ್ದರೆ, ಕಲಾವಿದ ಹಾರುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ನಿಂತುಬಿಡುತ್ತದೆ. ಅದಕ್ಕೆ ಗಾತ್ರ ಇಳಿಸುವುದು ಒಂದು ದಾರಿ; ವೇಗದ ಕಾರ್ಡ್ ಕೊಳ್ಳುವುದು ಅದಕ್ಕಿಂತ ಒಳ್ಳೆಯ ದಾರಿ. ಕಾರ್ಡಿನ ಮೇಲೆ ವಿ30 ಎಂಬ ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ನಿರಂತರವಾಗಿ ಬರೆಯಬಲ್ಲದು ಎಂದರ್ಥ. ನಾನು ಹಕ್ಕಿಗಳನ್ನು ತೆಗೆಯುವವನಾದ್ದರಿಂದ ಎಲ್ ಬಿಟ್ಟು ಬೇರೆಯದನ್ನು ಬಳಸುವುದಿಲ್ಲ. ಕೆರೆಯ ಆಚೆ ದಡದ ಹಕ್ಕಿ ಚಿತ್ರದ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ, ಉಳಿದದ್ದೆಲ್ಲ ಕತ್ತರಿಗೇ ಹೋಗುತ್ತದೆ.

ಗಿರಿನಗರದ ಹವ್ಯಾಸಿ

ಎಲ್ಲರಿಗೂ ಧನ್ಯವಾದಗಳು. ಹಳೆಯ ಪತ್ರಗಳ ವಿಷಯ ಉಳಿದಿದೆ. ಹೆಚ್ಚಿನವು ಎ4 ಅಳತೆಯವು. ಕೆಲವು ನೀಲಿ ಇನ್‌ಲ್ಯಾಂಡ್ ಲೆಟರ್‌ಗಳು, ಶಾಯಿ ಮಾಸಿದೆ. ಇವು ನಿಶ್ಚಲವಾಗಿರುವ ವಸ್ತುಗಳು, ಹಗಲು ಬೆಳಕಿನಲ್ಲಿ ತೆಗೆಯಬಹುದು. ಇವಕ್ಕೆ ಎಂ ಸಾಕಾಗುವುದಿಲ್ಲವೇ?

ಬಸವನಗುಡಿಯ ಕಡತ

ನಾನು ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳನ್ನು ನಕಲು ಮಾಡುವ ಕೆಲಸದಲ್ಲಿ ತೊಡಗಿರುವುದರಿಂದ ಇದಕ್ಕೆ ಉತ್ತರಿಸುತ್ತೇನೆ. ನಿಶ್ಚಲವಾಗಿರುವುದರಿಂದಲೇ ಇಲ್ಲಿ ಎಲ್ ಬೇಕು, ಏಕೆಂದರೆ ಸೆನ್ಸರಿನ ಪೂರ್ತಿ ಸಾಮರ್ಥ್ಯವನ್ನು ಬಳಸಿಕೊಳ್ಳಲು ಸಾಧ್ಯವಾಗುವ ಕೆಲಸವೇ ಇದು. ಎ4 ಹಾಳೆಯ ಅಗಲ 8.27 ಇಂಚು. ಹಾಳೆಯ ಅಗಲವು ಚಿತ್ರದ ಕಿರಿಯ ಬದಿಯನ್ನು ಸರಿಯಾಗಿ ತುಂಬಿದರೆ ಎಲ್‌ನಲ್ಲಿ ಇಂಚಿಗೆ 484 ಪಿಕ್ಸೆಲ್, ಎಂನಲ್ಲಿ 363, ಎಸ್‌ನಲ್ಲಿ 242 ಬರುತ್ತವೆ. ಅಕ್ಷರಗಳನ್ನು ತಂತ್ರಾಂಶದಿಂದ ಓದಿಸಲು ಸಾಮಾನ್ಯವಾಗಿ 300 ಬೇಕೆನ್ನುತ್ತಾರೆ. ಹಾಗೆ ನೋಡಿದರೆ ಎಂ ಸಾಕೆನಿಸುತ್ತದೆ. ಆದರೆ ಹಾಳೆಯ ಸುತ್ತ ಮೇಜಿನ ಅಂಚು ಸ್ವಲ್ಪವೂ ಬಾರದಂತೆ ತೆಗೆಯುವವರನ್ನು ನಾನು ಕಂಡಿಲ್ಲ, ಆ ಅಂಚಿಗಾಗಿ ಬಿಟ್ಟ ಜಾಗದಲ್ಲೇ ಎಂನ ಲೆಕ್ಕ ಕೆಳಗಿಳಿಯುತ್ತದೆ. ಕನ್ನಡದ ಒತ್ತಕ್ಷರಗಳು ಮೇಲಿನ ಅಕ್ಷರದ ಅರ್ಧದಷ್ಟೇ ಇರುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಾಸಿದ ಶಾಯಿಯಲ್ಲಿ ‘ತ್ತ’ ಮತ್ತು ‘ತ್ರ’ಗಳನ್ನು ಬೇರೆಬೇರೆಯಾಗಿ ಗುರುತಿಸಲು ಪಿಕ್ಸೆಲ್‌ಗಳು ಉಪಕಾರಕ್ಕೆ ಬರುತ್ತವೆ.

ನಿಮ್ಮ ಕ್ಯಾಮೆರಾದಲ್ಲಿ ರಾ (ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಫೈಲು) ಆಯ್ಕೆ ಇದ್ದರೆ ಪತ್ರಗಳಿಗೆ ಮಾತ್ರ ಅದನ್ನೂ ಜೊತೆಗಿಡಿ. ಮಾಸಿದ ನೀಲಿಯನ್ನು ಆಮೇಲೆ ಎತ್ತಿ ತೋರಿಸಲು ಜೆಪೆಗ್‌ಗಿಂತ ಅದರಲ್ಲಿ ಹೆಚ್ಚು ಅವಕಾಶವಿದೆ.

ಮಲ್ಲೇಶ್ವರದ ಫ್ರೇಮು

ಕೊನೆಗೂ ಎಲ್ಲರೂ ಎಲ್‌ಗೇ ಬಂದು ನಿಂತಿರಿ.

ಹಳೆಯ ಲ್ಯಾಬಿನವ

ಎಲ್ಲರೂ ಅಲ್ಲ, ವೇದಿಕೆ ಬಿಟ್ಟು. ಅದಿರಲಿ, ಗಾತ್ರದ ಜೊತೆಗೆ ಆಕಾರವನ್ನೂ ಯಾರೂ ಪ್ರಸ್ತಾಪಿಸಲಿಲ್ಲ. ನಿಮ್ಮ ಕ್ಯಾಮೆರಾದ ಚಿತ್ರ 3:2. 4×6 ಪ್ರಿಂಟಿಗೆ ಅದು ಸರಿಯಾಗಿ ಕೂರುತ್ತದೆ. ಮುಖ್ಯ ಅತಿಥಿಗಳಿಗೆ ಚೌಕಟ್ಟು ಹಾಕಿ ಕೊಡಲು ಸಂಘಗಳು ಸಾಮಾನ್ಯವಾಗಿ 8×10 ಮಾಡಿಸುತ್ತವೆ. ಆಗ 6000 ಪಿಕ್ಸೆಲ್ ಉದ್ದದಲ್ಲಿ 1000 ಹೊರಗೆ ಹೋಗುತ್ತವೆ, ಅಂದರೆ ತುದಿಯಲ್ಲಿ ನಿಂತ ಕಾರ್ಯದರ್ಶಿಗಳು ಹೊರಗೆ ಹೋಗುತ್ತಾರೆ. ಎರಡು ಬದಿಯಲ್ಲೂ ಜಾಗ ಬಿಟ್ಟು ತೆಗೆಯಿರಿ. ಫೋನಿನಲ್ಲಿ ತೆಗೆಯುವವರ ಚಿತ್ರಗಳು ಸಾಮಾನ್ಯವಾಗಿ 4:3. ಅವನ್ನು 4×6ಕ್ಕೆ ಹಾಕಿದರೆ ಮೇಲೆ ಕೆಳಗೆ ಕತ್ತರಿ ಬಿದ್ದು ಪೇಟದ ತುದಿ ಹಾರಿಹೋಗುತ್ತದೆ. ಕ್ಯಾಮೆರಾದಲ್ಲಿ 16:9 ಆಯ್ಕೆ ಇದ್ದರೆ ಅದನ್ನು ಮುಟ್ಟಬೇಡಿ. ಅದು ಮೇಲಿನ ಕೆಳಗಿನ ಪಿಕ್ಸೆಲ್‌ಗಳನ್ನು ಎಸೆಯುತ್ತದೆಯೇ ಹೊರತು ಅಗಲವನ್ನು ಹೆಚ್ಚಿಸುವುದಿಲ್ಲ.

ಬೇಯರ್ ಜಾಲರಿ

ಖಜಾಂಚಿಯವರ ವಾಟ್ಸಾಪ್ ಸಮಸ್ಯೆಗೆ ಕ್ಯಾಮೆರಾದಲ್ಲೇ ಉತ್ತರವಿದೆ. ನಿಮ್ಮ ಮಾದರಿಯ ರಿಟಚ್ ಮೆನುವಿನಲ್ಲಿ ರೀಸೈಜ್ ಎಂಬ ಆಯ್ಕೆ ಇರುವ ಸಾಧ್ಯತೆ ಹೆಚ್ಚು. ಆರಿಸಿದ ಚಿತ್ರಗಳ ಚಿಕ್ಕ ಪ್ರತಿಗಳನ್ನು ಅದು ಬೇರೆಯಾಗಿ ಉಳಿಸುತ್ತದೆ, ಮೂಲ ಹಾಗೇ ಇರುತ್ತದೆ. ವಾಟ್ಸಾಪ್ ಹೇಗಿದ್ದರೂ ಚಿತ್ರವನ್ನು ತಾನೇ ಇನ್ನೊಮ್ಮೆ ಚಿಕ್ಕದು ಮಾಡಿ ಹಿಂಡುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಿಂದ ಗಾತ್ರ ಸ್ವಲ್ಪ ಹೆಚ್ಚು ಉಳಿದರೂ ಹಿಂಡುವುದು ತಪ್ಪುವುದಿಲ್ಲ. ಆದ್ದರಿಂದ ಗುಂಪಿನಲ್ಲಿ ಬಂದ ಚಿತ್ರಗಳನ್ನೇ ಮತ್ತೆ ಇಳಿಸಿಕೊಂಡು ಸಂಚಿಕೆಗೆ ಬಳಸದಂತೆ ಸಂಪಾದಕರಿಗೆ ಈಗಲೇ ಹೇಳಿಡಿ. ಮೂಲ ಫೈಲನ್ನೇ ಕಳಿಸಬೇಕಾದಾಗ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಅದು ಬದಲಾಗದೆ ತಲುಪುತ್ತದೆ.

ಗಿರಿನಗರದ ಹವ್ಯಾಸಿ

ಹಾಗಾದರೆ ನನ್ನ ಏರ್ಪಾಡು ಹೀಗಿರುತ್ತದೆ. ಧ್ವಜಾರೋಹಣ, ಮೆರವಣಿಗೆ, ಗುಂಪು ಚಿತ್ರ ಇವಕ್ಕೆ ಎಲ್ ಫೈನ್. ಪತ್ರಗಳಿಗೆ ಎಲ್ ಫೈನ್ ಜೊತೆ ರಾ, ಕ್ಯಾಮೆರಾವನ್ನು ಟ್ರೈಪಾಡಿಗೆ ಕಟ್ಟಿ. ಸಂಜೆ ವೇದಿಕೆಗೆ ಎಂ ಫೈನ್. ಸನ್ಮಾನದ ಹೊತ್ತಿಗೆ ಮಾತ್ರ ಮತ್ತೆ ಎಲ್, ಏಕೆಂದರೆ 8×10 ಮಾಡಿಸುವುದು ಅದನ್ನೇ. ಮೆನು ಬದಲಿಸುವುದು ಮರೆಯದಂತೆ ಕಾರ್ಯಕ್ರಮ ಪಟ್ಟಿಯ ಮೇಲೆಯೇ ಗುರುತು ಹಾಕಿಕೊಂಡಿದ್ದೇನೆ. ವೇದಿಕೆಯ ಹಿಂದಿನ ಬ್ಯಾನರಿಗೆ ಕಳೆದ ವರ್ಷದ ಒಂದು ಎಂ ಗಾತ್ರದ ಚಿತ್ರವನ್ನು ಕೇಳುತ್ತಿದ್ದಾರೆ, 10 ಅಡಿ ಅಗಲ. ಅದು ಒಡೆದು ಕಾಣುವುದಿಲ್ಲವೇ?

ಚಾಮರಾಜಪೇಟೆ ಮುದ್ರಕ

ಕಾಣುವುದಿಲ್ಲ. ಒಂದು ಅಡಿ ದೂರದಿಂದ ಓದುವ ಪುಟಕ್ಕೆ ಇಂಚಿಗೆ 300 ಬೇಕಾದರೆ, ಹತ್ತು ಅಡಿ ದೂರದಿಂದ ನೋಡುವ ಬ್ಯಾನರಿಗೆ 30 ಸಾಕು. 10 ಅಡಿ ಎಂದರೆ 120 ಇಂಚು, 3600 ಪಿಕ್ಸೆಲ್. ನಿಮ್ಮ ಎಂನಲ್ಲಿ 4496 ಇವೆ. ಬಟ್ಟೆಯ ಮೇಲೆ ಮಾಡಿಸಿ.

ಸಂಚಿಕೆಗೆ ಚಿತ್ರಗಳನ್ನು ಕೊಡುವಾಗ ಕಾರ್ಡಿನಿಂದ ಇಳಿಸಿದ ಜೆಪೆಗ್ ಫೈಲುಗಳನ್ನೇ ಒಂದು ಫೋಲ್ಡರಿನಲ್ಲಿ ಹಾಕಿ ಪೆನ್‌ಡ್ರೈವಿನಲ್ಲಿ ತನ್ನಿ. ಲೇಖನದ ವರ್ಡ್ ಫೈಲಿನೊಳಗೆ ಅಂಟಿಸಿ ತರಬೇಡಿ. ಉಳಿಸುವಾಗ ವರ್ಡ್ ಸಾಮಾನ್ಯವಾಗಿ ಚಿತ್ರವನ್ನು ಇಳಿಸಿಬಿಡುತ್ತದೆ, ಆಮೇಲೆ ನೀವು ಎಲ್‌ನಲ್ಲಿ ತೆಗೆದಿರೋ ಎಸ್‌ನಲ್ಲಿ ತೆಗೆದಿರೋ ನಮಗೆ ಬಂದು ಸೇರುವುದು ಒಂದೇ. ಪ್ರತಿ ಫೈಲಿನ ಹೆಸರಿನಲ್ಲಿ ಲೇಖನದ ಪುಟಸಂಖ್ಯೆ ಇರಲಿ. ಅಕ್ಟೋಬರ್ ಕೊನೆಯ ವಾರ ಪ್ರೆಸ್ಸಿನಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲವಾದ್ದರಿಂದ, ಹಳೆಯ ಪತ್ರಗಳ ಚಿತ್ರಗಳನ್ನಾದರೂ ಮುಂಚೆಯೇ ತಲುಪಿಸಿ.